ಗಿಡ ಕೊಡುವ ಮೊದಲು ಊರು ಕೇಳುವ ನರ್ಸರಿ

ಮನೆಯಲ್ಲಿ ಗಿಡ ಸತ್ತರೆ ನಮ್ಮ ಕಡೆ ಅದನ್ನು ಕೈಗುಣದ ತಲೆಗೆ ಕಟ್ಟಿ ಮುಗಿಸುತ್ತಾರೆ. ಈ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಚಿಕ್ಕಮಗಳೂರು ಜಿಲ್ಲೆಯ ಪೂರ್ವಕ್ಕಿರುವ ಕಡೂರಿನಲ್ಲಿ ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳೆ, ಪಶ್ಚಿಮದ ಶೃಂಗೇರಿಯಲ್ಲಿ ಅದು 3000 ಮಿ.ಮೀ. ದಾಟುತ್ತದೆ. ನಡುವೆ, ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಎತ್ತರದಲ್ಲಿ ನಮ್ಮ ಚಿಕ್ಕಮಗಳೂರು ಪೇಟೆ. ಈ ಮೂರು ಕಡೆಯವರಿಗೂ ಒಂದೇ ಸಾಲಿನಿಂದ ಒಂದೇ ಗಿಡ ಎತ್ತಿಕೊಟ್ಟು, ‘ದಿನಾ ಒಂದು ಚೊಂಬು ನೀರು ಹಾಕಿ’ ಎಂದು ಕಳಿಸಿದರೆ ಯಾರ ಕೈಗುಣ ತಾನೇ ಏನು ಮಾಡೀತು?

ಹಾಗಾಗಿ ನರ್ಸರಿಗೆ ಹೋದಾಗ ನಾನು ಹೂವಿಗಿಂತ ಮೊದಲು ಗಮನಿಸುವುದು, ಅಲ್ಲಿಯವರು ನಮ್ಮನ್ನು ಏನಾದರೂ ಕೇಳುತ್ತಾರೆಯೇ ಎಂಬುದನ್ನು.

ಈಚೆಗೆ ಇಲ್ಲಿಯ ಒಂದು ನರ್ಸರಿಯಲ್ಲಿ ಕೊಪ್ಪದ ಕಡೆಯವರೊಬ್ಬರು ಬೆಣ್ಣೆಹಣ್ಣಿನ (ಅವಕಾಡೊ) ಸಸಿ ಕೇಳುತ್ತಿದ್ದರು. ಕಾಫಿ ತೋಟದವರೆಲ್ಲ ಈಗ ಅದರ ಹಿಂದೆ ಬಿದ್ದಿರುವುದರಿಂದ ಅದೇನೂ ವಿಶೇಷವಲ್ಲ. ಗಿಡ ತೋರಿಸುತ್ತಿದ್ದ ಹೆಂಗಸು ಬೆಲೆ ಹೇಳುವ ಮೊದಲೇ, “ನೆಡುವುದು ಇಳಿಜಾರಿನಲ್ಲೋ, ಗದ್ದೆ ಬದಿಯಲ್ಲೋ?” ಎಂದರು. ಗದ್ದೆ ಬದಿ ಎಂಬ ಉತ್ತರ ಬಂತು. “ಹಾಗಾದರೆ ಬೇಡ. ಬೇರು ಕೊಳೆಯುತ್ತದೆ. ಇಳಿಜಾರು ಇದ್ದರೆ ಹೇಳಿ, ದಿಬ್ಬ ಏರಿಸಿ ನೆಡಬಹುದು.” ಗಿರಾಕಿ ಸ್ವಲ್ಪ ಮುಖ ಸಿಂಡರಿಸಿದರು. ದುಡ್ಡು ಕೊಡುತ್ತೇನೆಂದರೂ ಬೇಡ ಎನ್ನುವ ಅಂಗಡಿ ಅವರು ಕಂಡಿರಲಿಕ್ಕಿಲ್ಲ.

ಆಕೆ ಹೇಳಿದ್ದು ನೂರಕ್ಕೆ ನೂರು ನಿಜ. ಬೆಣ್ಣೆಹಣ್ಣಿನ ಬೇರು ಮೇಲ್ಮಣ್ಣಿನಲ್ಲೇ ಹರಡುವಂಥದ್ದು. ನೀರು ನಿಂತರೆ ಫೈಟಾಫ್ತೊರಾ ಎಂಬ ಬೇರುಕೊಳೆ ರೋಗ ಹತ್ತುತ್ತದೆ. ಅಷ್ಟಕ್ಕೆ ನಿಲ್ಲಿಸದೆ ಆಕೆ ಒಂದು ಪಾಕೆಟ್ ಎತ್ತಿ ಕಸಿಯ ಗಂಟಿನ ಮೇಲೆ ಹೆಬ್ಬೆರಳಿಟ್ಟು, ಇದು ಮಣ್ಣಿನಿಂದ ಮೇಲೇ ಇರಬೇಕು, ಇದರ ಕೆಳಗೆ ಚಿಗುರಿದ್ದನ್ನೆಲ್ಲ ಚಿವುಟಬೇಕು ಎಂದರು. ಆಮೇಲೆ ಪಾಕೆಟ್ಟಿನ ತಳ ತಿರುಗಿಸಿದರು. ತೂತಿನಿಂದ ಬೇರು ಹೊರಬಂದು ಬಳೆಯಂತೆ ಸುತ್ತಿಕೊಂಡಿತ್ತು. ಅದನ್ನು ಪಕ್ಕಕ್ಕಿಟ್ಟು ಬೇರೆಯದನ್ನು ಹುಡುಕಿದರು. ಇನ್ನೊಂದು ಮಾತನ್ನೂ ಸೇರಿಸಿದರು: ಬೆಣ್ಣೆಹಣ್ಣಿನಲ್ಲಿ ಎ ಮತ್ತು ಬಿ ಎಂದು ಎರಡು ಬಗೆ. ಎ ಬಗೆಯ ಹೂ ಮೊದಲ ದಿನ ಬೆಳಿಗ್ಗೆ ಹೆಣ್ಣಾಗಿ ಅರಳಿ, ಮುಚ್ಚಿಕೊಂಡು, ಮರುದಿನ ಮಧ್ಯಾಹ್ನ ಗಂಡಾಗಿ ಅರಳುತ್ತದೆ. ಬಿ ಬಗೆಯದು ಮಧ್ಯಾಹ್ನ ಹೆಣ್ಣು, ಮರುದಿನ ಬೆಳಿಗ್ಗೆ ಗಂಡು. ಒಂಟಿ ಮರವೂ ಕಾಯಿ ಬಿಡಬಹುದು, ಎರಡೂ ಅಕ್ಕಪಕ್ಕ ಇದ್ದರೆ ಫಸಲು ಹೆಚ್ಚು. ಹ್ಯಾಸ್ ಎಂಬ ತಳಿ ಎ ಬಗೆಯದು, ಫ್ಯೂರ್ಟೆ ಎಂಬುದು ಬಿ. ಎಷ್ಟೋ ಕಡೆ ‘ಒಳ್ಳೆ ತಳಿ ಸಾರ್’ ಎಂಬುದೇ ತಳಿಯ ಹೆಸರು!

ಇನ್ನೊಂದು ಬಗೆಯ ನರ್ಸರಿಗಳೂ ಇವೆ. ಆಂಧ್ರದ ಕಡಿಯಂನಿಂದ ಲಾರಿಯಲ್ಲಿ ಬಂದ ಗಿಡಗಳನ್ನು ಇಳಿಸಿದ ಹಾಗೆಯೇ ಮಾರುತ್ತಾರೆ. ತರಿಸುವುದು ತಪ್ಪಲ್ಲ, ಗೋದಾವರಿ ಬಯಲಿನ ಸೆಕೆಯಲ್ಲಿ ಬೆಳೆದದ್ದು ಮುಳ್ಳಯ್ಯನಗಿರಿಯ ಬುಡದ ಚಳಿಗೆ ಒಗ್ಗಲು ಒಂದಿಷ್ಟು ದಿನ ನೆರಳಿನಲ್ಲಿ ಇಟ್ಟುಕೊಳ್ಳಬಾರದೇ? ಎಲೆ ಹಳದಿಯಾಯಿತು ಎಂದು ಹೋದರೆ ಗಿಡ ನೋಡದೆಯೇ ಔಷಧಿ ಬಾಟಲಿ ಕೈಗಿಡುತ್ತಾರೆ. ಕೆಳಗಿನ ಹಳೆಯ ಎಲೆ ಹಳದಿಯಾದರೆ ಸಾಮಾನ್ಯವಾಗಿ ಸಾರಜನಕದ ಕೊರತೆ. ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದರೆ ಕಬ್ಬಿಣದ್ದು. ಆಷಾಢದ ಮಳೆಯಲ್ಲಿ ಇಡೀ ಗಿಡ ಹಳದಿಗಟ್ಟಿ ಜೋತು ಬಿದ್ದರೆ ಬೇರಿಗೆ ಗಾಳಿಯಾಡುತ್ತಿಲ್ಲ ಎಂದೇ ಹೆಚ್ಚಿನ ಪಾಲು ಅರ್ಥ. ಇವುಗಳಲ್ಲಿ ಯಾವುದಕ್ಕೂ ಕೀಟನಾಶಕ ಬೇಕಿಲ್ಲ.

ಹೋಂಸ್ಟೇಗಳ ಹಾವಳಿ ಶುರುವಾದ ಮೇಲೆ ‘ಬೇಗ ಹಬ್ಬಬೇಕು, ವರ್ಷವಿಡೀ ಹೂ ಇರಬೇಕು’ ಎಂಬ ಬೇಡಿಕೆಯೂ ಜೋರಾಗಿದೆ. ಲಂಟಾನ ಬಂದದ್ದೂ ಅಲಂಕಾರದ ಗಿಡವಾಗಿಯೇ. ಈಗ ಕಾಡಿನೊಳಗೆ ಹೋಗಿ ನೋಡಿ, ಎಲ್ಲೆಲ್ಲೂ ಅದೇ ಹಬ್ಬಿದೆ.

ದೂರು ಹೇಳುವಾಗ ಗಿರಾಕಿಗಳಾದ ನಮ್ಮನ್ನೂ ಬಿಡುವ ಹಾಗಿಲ್ಲ. ಅರ್ಧ ಗಂಟೆ ಸಲಹೆ ಕೇಳಿ, ಕೊನೆಗೆ ಇಪ್ಪತ್ತು ರೂಪಾಯಿಗೆ ಚೌಕಾಸಿ ಮಾಡುತ್ತೇವೆ. ಸಲಹೆಗೇ ಒಂದು ದರ ಇಡಲಿ ಎಂಬುದು ನನ್ನ ಅಭಿಪ್ರಾಯ. ಬಿಟ್ಟಿ ಬೇಕೆನ್ನುವವರಿಗೆ ಮೂಡಿಗೆರೆಯಲ್ಲಿ ತೋಟಗಾರಿಕೆ ಮಹಾವಿದ್ಯಾಲಯವಿದೆ, ಕೃಷಿ ವಿಜ್ಞಾನ ಕೇಂದ್ರವಿದೆ; ಕಾಫಿಯ ವಿಚಾರಕ್ಕೆ ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರ 1925ರಿಂದಲೂ ಇದೆ. ಕುಂಡದಲ್ಲಿರುವ ಗುಲಾಬಿಗಾಗಿ ಅಲ್ಲಿಯವರೆಗೆ ಹೋಗುವವರು ಕಡಿಮೆ, ಅದಕ್ಕೇ ಪೇಟೆಯ ನರ್ಸರಿಯವರು ತಿಳಿದವರಾಗಿರಬೇಕು.

ಗಿಡದ ಜೊತೆ ಒಂದು ಚೀಟಿ ಕಟ್ಟಿ. ತಳಿಯ ಹೆಸರು, ಕಸಿ ಮಾಡಿದ ತಿಂಗಳು, ಬಿಸಿಲೋ ನೆರಳೋ, ಎಷ್ಟು ಎತ್ತರ ಬೆಳೆಯುತ್ತದೆ, ಇಷ್ಟು ಸಾಕು. ಅದಕ್ಕೆ ಮೂವತ್ತು ರೂಪಾಯಿ ಹೆಚ್ಚು ಕೇಳಿದರೂ ಚೌಕಾಸಿ ಮಾಡದೆ ಕೊಡುತ್ತೇನೆ. ಅಂಥ ಚೀಟಿ ಕಟ್ಟಿಕೊಡುವ ನರ್ಸರಿ ಚಿಕ್ಕಮಗಳೂರು, ಹಾಸನದ ಕಡೆ ನಿಮಗೆ ಗೊತ್ತಿದ್ದರೆ ತಿಳಿಸಿ.