ಪೇಟಿಯ (ಹಾರ್ಮೋನಿಯಂ) ರೀಡಿಗೆ ಎಣ್ಣೆ ಬಿಡಬೇಡಿ: ಒಂದು ಸ್ಪಷ್ಟನೆ

‘ಹಳೇ ಪೇಟಿಯ ಸ್ವರ ನಿಂತರೆ ರೀಡಿಗೆ ಎರಡು ಹನಿ ಕೊಬ್ಬರಿ ಎಣ್ಣೆ ಬಿಡಿ, ಅಕಾರ್ಡಿಯನ್ನಿಗೂ ಇದೇ ಮದ್ದು’ ಎಂಬ ಸಂದೇಶ ಬಾಗಲಕೋಟೆ, ವಿಜಯಪುರದ ಭಜನಾ ಮಂಡಳಿಗಳ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು.

ರೀಡ್ ಅಂದರೆ ಒಂದು ತುದಿ ರಿವೆಟ್‌ನಿಂದ ಬಿಗಿದ, ಇನ್ನೊಂದು ತುದಿ ಸೀಳಿನಲ್ಲಿ ಬಿಡುವಾಗಿ ಕಂಪಿಸುವ ಲೋಹದ ನಾಲಿಗೆ. ಸೀಳಿನ ಅಂಚಿಗೂ ಅದಕ್ಕೂ ಕೂದಲೆಳೆಯಷ್ಟೇ ಸಂದು. ಅಲ್ಲಿ ಎಣ್ಣೆ ನಿಂತರೆ ಧೂಳು ಮೆತ್ತುತ್ತದೆ, ತುದಿ ಭಾರವಾಗಿ ಶ್ರುತಿ ಇಳಿಯುತ್ತದೆ, ಕೊನೆಗೆ ಸ್ವರವೇ ಹೊರಡುವುದಿಲ್ಲ. ಅಕಾರ್ಡಿಯನ್‌ಗೆ ಹಾನಿ ಇನ್ನೂ ಹೆಚ್ಚು. ಅದರ ರೀಡಿನ ತಗಡುಗಳನ್ನು ಸಾಮಾನ್ಯವಾಗಿ ಜೇನುಮೇಣ, ರಾಳ ಕೂಡಿಸಿ ಕೂರಿಸಿರುತ್ತಾರೆ. ಮೇಲೆ ಗಾಳಿ ತಡೆಯುವ ತೆಳು ಚರ್ಮದ ಪಟ್ಟಿ ಇರುತ್ತದೆ. ಎಣ್ಣೆ ತಾಗಿದರೆ ಮೇಣ ಮೆತ್ತಗಾಗಿ, ಚರ್ಮ ಅಂಟಿಕೊಳ್ಳುತ್ತದೆ.

ಸ್ವರ ನಿಲ್ಲಲು ಹೆಚ್ಚಿನ ಸಲ ಸಂದಿನಲ್ಲಿ ಸಿಕ್ಕ ಕಸವೇ ಕಾರಣ. ಒಣಗಿದ ಮೆತ್ತನೆಯ ಬ್ರಷ್‌ನಿಂದ ರಿವೆಟ್ ಕಡೆಯಿಂದ ತುದಿಯ ಕಡೆಗೆ ಮಾತ್ರ ಸವರಿ. ಹೋಗದಿದ್ದರೆ ಸಂದಿನಲ್ಲಿ ತೆಳು ಕಾಗದ ಎಳೆಯಿರಿ. ನಾಲಿಗೆಯನ್ನು ಉಗುರಿನಿಂದ ಎತ್ತಬೇಡಿ, ಬಾಗುತ್ತದೆ.

ಅದೇ ಸಂದೇಶದ ‘ತುದಿ ಕೆರೆದರೆ ಶ್ರುತಿ ಇಳಿಯುತ್ತದೆ’ ಎಂಬ ಮಾತೂ ತಿರುಗುಮುರುಗು. ತುದಿ ಕೆರೆದರೆ ಶ್ರುತಿ ಏರುತ್ತದೆ, ರಿವೆಟ್ ಬಳಿ ಕೆರೆದರೆ ಇಳಿಯುತ್ತದೆ. ಕೆರೆದ ಲೋಹ ಮರಳಿ ಬಾರದು, ಹಾಗಾಗಿ ಕಲಿತವರಿಗೇ ಬಿಡಿ.

ದಯವಿಟ್ಟು ಈ ಸಂದೇಶವನ್ನು ಮುಂದಕ್ಕೆ ಕಳಿಸಬೇಡಿ. ಈಗಾಗಲೇ ಎಣ್ಣೆ ಬಿಟ್ಟಿದ್ದರೆ ಬಾರಿಸದೆ ಪೇಟಿ ರಿಪೇರಿಯವರ ಹತ್ತಿರ ಒಯ್ಯಿರಿ.