ಹಾವಳಿ ಮುಗಿಯಿತು, ಭಯ ಉಳಿಯಿತು

ಹೈದರಾಬಾದ್ ನಿಜಾಮನ ಪರ ನಿಂತಿದ್ದ ಖಾಸಗಿ ಪಡೆ ರಜಾಕಾರರದು. ಅವರ ಹಾವಳಿ 1948ರ ಸೆಪ್ಟೆಂಬರ್ 17ಕ್ಕೆ ಮುಗಿಯಿತು ಎಂದು ನಾನು ಓದಿದ ಲೇಖನವೊಂದರಲ್ಲಿದೆ. ಹಾವಳಿಯೇನೋ ಮುಗಿಯಿತು, ಭಯ ಎಲ್ಲಿ ಮುಗಿಯಿತು? ನಮ್ಮ ಕೊಪ್ಪಳ ಕಡೆಯ ಎಷ್ಟೋ ಮನೆಯವರು ಆಗ ಊರು ಬಿಟ್ಟು ನಿಜಾಮನ ಸಂಸ್ಥಾನದ ಗಡಿಯಾಚೆ ಮುಂಡರಗಿ, ಗಜೇಂದ್ರಗಡದ ಕಡೆ ಓಡಿದ್ದರು. ವಾಪಸ್ ಬಂದ ಮೇಲೆ ಮಕ್ಕಳಿಗೆ ಹೇಳಿದ್ದು ಒಂದೇ, ಸರ್ಕಾರದವರ ಹತ್ತಿರ ಜಾಸ್ತಿ ಮಾತಾಡಬೇಡ. ನಮ್ಮಪ್ಪ ಹುಟ್ಟಿದ್ದೇ ಆಮೇಲೆ. ಆದರೂ ಕಚೇರಿಗೆ ಹೋದರೆ ಗುಮಾಸ್ತನ ಮುಂದೂ ಚಪ್ಪಲಿ ಬಿಟ್ಟು ನಿಲ್ಲುತ್ತಿದ್ದರು. ರಸೀದಿ ಕೇಳುವುದಕ್ಕೂ ಅಂಜಿಕೆ!

ಇನ್ನೊಂದು ವಿಷಯವನ್ನು ಲೇಖಕರು ಮುಟ್ಟಿಯೇ ಇಲ್ಲ. ಸಂಸ್ಥಾನವನ್ನು ಭಾರತಕ್ಕೆ ಸೇರಿಸಲು ಸೇನೆ ನಡೆಸಿದ ಪೊಲೀಸ್ ಕಾರ್ಯಾಚರಣೆಯ ಹೊತ್ತಿನಲ್ಲಿ, ಅದಾದ ಮೇಲೂ ರಜಾಕಾರರ ಜೊತೆ ಸಂಬಂಧವೇ ಇಲ್ಲದ ಮುಸ್ಲಿಮರು ಬಹಳ ಜನ ಸತ್ತರು. ನೆಹರು ಕಳಿಸಿದ್ದ ಸುಂದರಲಾಲ್ ಸಮಿತಿ ಇಡೀ ಹೈದರಾಬಾದ್ ಸಂಸ್ಥಾನದಲ್ಲಿ ಸತ್ತವರು 27ರಿಂದ 40 ಸಾವಿರ ಎಂದು ಅಂದಾಜು ಮಾಡಿತ್ತು. ಆ ವರದಿಯನ್ನು ದಶಕಗಳ ಕಾಲ ಮುಚ್ಚಿಟ್ಟರು. ಆ ಮನೆಗಳಲ್ಲೂ ಹಿರಿಯರು ಬಾಯಿ ಬಿಡಲಿಲ್ಲ. ಮೊಮ್ಮಕ್ಕಳಿಗೆ ಸಿಕ್ಕಿದ್ದು ಸೆಪ್ಟೆಂಬರ್ ಬಂದಾಗಲೆಲ್ಲ ಕೇಳಬೇಕಾದ ಚುಚ್ಚುಮಾತು ಮಾತ್ರ, ಅಲ್ವಾ?

ನಮ್ಮ ಭಾಗಕ್ಕೆ ವಿಶೇಷ ಮೀಸಲಾತಿ ಕೊಡುವ ಸಂವಿಧಾನದ 371(ಜೆ) ವಿಧಿ ಬಂದು ನಮ್ಮ ಹುಡುಗರಿಗೆ ಸೀಟು, ನೌಕರಿ ಸಿಕ್ಕಿತು. ಒಳ್ಳೆಯದೇ. ಈ ಮಾತುಗಳನ್ನು ಬರೆದಿಡುವ ಕೆಲಸ ಮಾತ್ರ ಹಾಗೇ ಉಳಿದಿದೆ. ಎರಡೂ ಕಡೆಯ ಅಜ್ಜ ಅಜ್ಜಿಯರನ್ನು ಕೂರಿಸಿ ಮೊಬೈಲ್‌ನಲ್ಲಾದರೂ ರೆಕಾರ್ಡ್ ಮಾಡಿಕೊಳ್ಳಿ. ಕಣ್ಣಾರೆ ಕಂಡವರೆಲ್ಲ ಎಂಬತ್ತು ದಾಟಿದ್ದಾರೆ.