ಬೇಟೆ ಜಮೀನಿನ ಫೀಡರ್‌ಗಳ ಬಗ್ಗೆ ನನ್ನ ತಕರಾರು

ಟೆಕ್ಸಾಸ್‌ನಲ್ಲಿ ಅಕ್ಟೋಬರ್ ಬಂತು ಅಂದರೆ ಪೆಟ್ರೋಲ್ ಬಂಕ್‌ಗಳ ಮುಂದೆ ಮೆಕ್ಕೆಜೋಳದ ಚೀಲಗಳು ಅಟ್ಟಿಯಾಗಿ ಬಂದು ಕೂರುತ್ತವೆ. ಮೇಲೆ 'ಡಿಯರ್ ಕಾರ್ನ್' ಅಂತ ಬರೆದಿರುತ್ತದೆ. ಬೇಟೆ ಜಮೀನಿಗೆ ಜಿಂಕೆ, ಕಾಡು ಟರ್ಕಿ ಕೋಳಿಗಳನ್ನು ಕರೆಸಿಕೊಳ್ಳೋಕೆ ಹಾಕುವ ಜೋಳ ಇದು. ನಮ್ಮ ಕನ್ನಡದ ಹುಡುಗರೂ ಈಗೀಗ ಬೇಟೆಗೆ ಅಂತ ರ‍್ಯಾಂಚ್ ಲೀಸ್ ಹಿಡಿಯುತ್ತಿದ್ದಾರೆ. ಅವರು ಓದಲಿ ಅಂತಲೇ ಬರೆಯುತ್ತಿದ್ದೇನೆ.

ಬೇಟೆಯೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಇಲ್ಲಿ ಲೈಸೆನ್ಸ್ ಇದೆ, ಸೀಸನ್ ಇದೆ, ಎಷ್ಟು ಹೊಡೆಯಬಹುದು ಅನ್ನುವುದಕ್ಕೆ ಮಿತಿ ಇದೆ. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆಯ ಪ್ರಕಾರ ಬಂದೂಕು, ತೋಟಾಗಳ ಮೇಲಿನ ತೆರಿಗೆ ವನ್ಯಜೀವಿಗಳ ಕೆಲಸಕ್ಕೆ ಹೋಗುತ್ತದೆ. ಒಂದು ಕಾಲಕ್ಕೆ ಎಷ್ಟೋ ರಾಜ್ಯಗಳಲ್ಲಿ ಕಾಣೆಯಾಗಿದ್ದ ಕಾಡು ಟರ್ಕಿ ಮತ್ತೆ ತುಂಬಿಕೊಂಡಿದ್ದರಲ್ಲಿ ಆ ದುಡ್ಡಿನ ಪಾಲು ದೊಡ್ಡದು. ನನ್ನ ತಕರಾರು ಒಂದೇ ಜಾಗದಲ್ಲಿ ದಿನಾ ಜೋಳ ಸುರಿಯುವುದರ ಮೇಲೆ.

ಫೀಡರ್ ಅಂದರೆ ಮೂರು ಕಬ್ಬಿಣದ ಕಾಲಿನ ಮೇಲೆ ನಿಂತ ಡ್ರಮ್. ದೊಡ್ಡದಾದರೆ 200 ಲೀಟರ್‌ನಷ್ಟು ಹಿಡಿಯುತ್ತದೆ. ತಳದಲ್ಲಿ ಸಣ್ಣ ಮೋಟಾರ್, ಬ್ಯಾಟರಿ, ಟೈಮರ್, ಒಂದು ತಟ್ಟೆ. ಬೆಳಗ್ಗೆ, ಸಂಜೆ ಟೈಮರಿಗೆ ಇಟ್ಟ ಹೊತ್ತಿಗೆ ತಟ್ಟೆ ಕೆಲವೇ ಸೆಕೆಂಡು ಗಿರ್ರನೆ ತಿರುಗಿ ಕಾಳನ್ನು ಸುತ್ತಲೂ ಎರಚುತ್ತದೆ. ಆ ಸದ್ದು ರೂಢಿಯಾದ ಜಿಂಕೆಗಳು ಹೊತ್ತಿಗೆ ಸರಿಯಾಗಿ ಬಂದು ನಿಲ್ಲುತ್ತವೆ. ಒಂದ್ಸಲ ಹತ್ತಿರ ಹೋಗಿ ನೆಲ ನೋಡಿ. ಹುಲ್ಲು ಇರುವುದಿಲ್ಲ. ಗೊರಸು ತುಳಿದೂ ತುಳಿದೂ ಮಣ್ಣು ಗಟ್ಟಿಯಾಗಿರುತ್ತದೆ. ಹಿಕ್ಕೆ, ಉಚ್ಚೆ, ಜೊಲ್ಲು, ಅದರ ಮಧ್ಯೆ ಮಳೆಗೆ ನೆನೆದು ಊದಿಕೊಂಡು ಹಸಿರು ಬೂಷ್ಟು ಹಿಡಿದ ಕಾಳು. ಅದನ್ನೇ ಜಿಂಕೆಗಳು ಮೂತಿಗೆ ಮೂತಿ ತಾಗಿಸಿಕೊಂಡು ಮೇಯುತ್ತವೆ. ಅದನ್ನೇ ಟರ್ಕಿಗಳು ಕೆದಕಿ ಹೆಕ್ಕುತ್ತವೆ.

ಆ ಹಸಿರು ಬೂಷ್ಟು ಸಾಮಾನ್ಯದ್ದಲ್ಲ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಸಾಕು ಟರ್ಕಿ ಮರಿಗಳು ಸತ್ತವು. ಯಾವ ರೋಗ ಅಂತ ಗೊತ್ತಾಗದೆ ಅದನ್ನು 'ಟರ್ಕಿ ಎಕ್ಸ್' ಅಂದರು. ಹುಡುಕುತ್ತಾ ಹೋದಾಗ ಬ್ರೆಜಿಲ್‌ನಿಂದ ತರಿಸಿದ್ದ ಕಡಲೆಕಾಯಿ ಹಿಂಡಿಯಲ್ಲಿ ಬೂಷ್ಟಿನ ವಿಷ ಸಿಕ್ಕಿತು. ಅಫ್ಲಾಟಾಕ್ಸಿನ್ ಅನ್ನುವ ಆ ವಿಷ ಜಗತ್ತಿಗೆ ಗೊತ್ತಾಗಿದ್ದೇ ಹಾಗೆ. ಬಿಸಿಲು, ತೇವ ಎರಡೂ ಇರುವ ಕಡೆ ಮೆಕ್ಕೆಜೋಳದಲ್ಲೂ ಇದೇ ವಿಷ ಹುಟ್ಟುತ್ತದೆ. ಇದನ್ನು ತಡೆದುಕೊಳ್ಳುವ ಶಕ್ತಿ ಟರ್ಕಿಗಳಿಗೆ ತೀರಾ ಕಡಿಮೆ. ಯಾವ ಹಕ್ಕಿಯನ್ನು ಕರೆಯೋಕೆ ಕಾಳು ಹಾಕುತ್ತೇವೋ ಅದೇ ಹಕ್ಕಿಗೆ ಇದು ಎಲ್ಲಕ್ಕಿಂತ ಜಾಸ್ತಿ ಅಪಾಯ.

ಜಿಂಕೆಗಳ ವಿಷಯ ಇನ್ನೂ ಗಂಭೀರ. ಕ್ರಾನಿಕ್ ವೇಸ್ಟಿಂಗ್ ಡಿಸೀಸ್ ಅನ್ನುವ ಸೊರಗು ರೋಗ ಮೊದಲು ಕಂಡಿದ್ದು 1967ರಲ್ಲಿ, ಕೊಲರಾಡೋದಲ್ಲಿ ಕೂಡಿಟ್ಟಿದ್ದ ಜಿಂಕೆಗಳಲ್ಲಿ. ಟೆಕ್ಸಾಸ್‌ನಲ್ಲಿ 2012ರಲ್ಲಿ ಪತ್ತೆಯಾಯಿತು. ರೋಗಕ್ಕೆ ಕಾರಣ ಪ್ರಿಯಾನ್ ಅನ್ನುವ ಕೆಟ್ಟ ಪ್ರೋಟೀನ್. ಲಸಿಕೆ ಇಲ್ಲ, ಔಷಧಿ ಇಲ್ಲ, ತಗುಲಿದ ಜಿಂಕೆ ಬದುಕುವುದಿಲ್ಲ. ಸೊರಗುವುದಕ್ಕೆ ಒಂದು ವರ್ಷದ ಮೇಲೂ ಆಗಬಹುದು. ಅಲ್ಲಿಯವರೆಗೆ ನೋಡೋಕೆ ಚೆನ್ನಾಗಿಯೇ ಇರುತ್ತದೆ, ರೋಗ ಮಾತ್ರ ಹಂಚುತ್ತಿರುತ್ತದೆ. ಜೊಲ್ಲು, ಹಿಕ್ಕೆಯಿಂದ ಮಣ್ಣಿಗೆ ಸೇರಿದ ಪ್ರಿಯಾನ್ ವರ್ಷಗಟ್ಟಲೆ ಅಲ್ಲೇ ಉಳಿಯುತ್ತದೆ. ಈಗ ಆ ಫೀಡರ್ ಕೆಳಗಿನ ನೆಲ ನೆನಪಿಸಿಕೊಳ್ಳಿ.

ರಾತ್ರಿ ಹೊತ್ತು ಆ ಕಾಳಿಗೆ ಕಾಡುಹಂದಿ, ರಕೂನ್ ಅನ್ನುವ ಸಣ್ಣ ಕಾಡುಪ್ರಾಣಿಗಳೂ ಬರುತ್ತವೆ. ರಕೂನ್ ಟರ್ಕಿ ಮೊಟ್ಟೆ ತಿನ್ನುವುದರಲ್ಲಿ ಎತ್ತಿದ ಕೈ. ನೆಲದ ಮೇಲೆ ಗೂಡು ಮಾಡುವ ಹಕ್ಕಿಯ ಪಕ್ಕಕ್ಕೆ ನಾವೇ ಅದನ್ನು ಕರೆತಂದು ಬಿಡುತ್ತೇವೆ.

ಲೀಸ್ ಹಿಡಿದಿರುವ ಗೆಳೆಯನೊಬ್ಬನ ಹತ್ತಿರ ಇದನ್ನೆಲ್ಲ ಹೇಳಿದೆ. "ಅಲ್ಲ ಕಣೋ, ಹಸಿದ ಪ್ರಾಣಿಗೆ ಒಂದು ಹಿಡಿ ಕಾಳು ಹಾಕಿದರೆ ಪುಣ್ಯ ಅಲ್ವೇನೋ?" ಅಂದ. ಅವನ ಮನಸ್ಸು ಒಳ್ಳೆಯದೇ. ಆದರೆ ಜಿಂಕೆ ಸೊಪ್ಪು, ಚಿಗುರು, ಓಕ್ ಕಾಯಿ ತಿನ್ನುವ ಪ್ರಾಣಿ. ಮೆಕ್ಕೆಜೋಳದಲ್ಲಿ ಪ್ರೋಟೀನ್ ಕಡಿಮೆ, ಪಿಷ್ಟವೇ ಜಾಸ್ತಿ. ಅಭ್ಯಾಸ ಇಲ್ಲದ ಜಿಂಕೆ ಒಮ್ಮೆಲೇ ಹೊಟ್ಟೆ ತುಂಬ ತಿಂದರೆ ಹೊಟ್ಟೆ ಹುಳಿಯಾಗಿ ಸತ್ತೇ ಹೋಗಬಹುದು. ಮನೆ ದನ ಅಕ್ಕಿ ಮೂಟೆಗೆ ಬಾಯಿ ಹಾಕಿದರೆ ಏನಾಗುತ್ತದೆ ಅಂತ ಊರಲ್ಲಿ ಬೆಳೆದ ನಮಗೆ ಗೊತ್ತಲ್ವಾ?

ಕಾನೂನಿಗೂ ಇದು ಹೊಸದೇನಲ್ಲ. ವಲಸೆ ಹಕ್ಕಿಗಳನ್ನು ಕಾಳು ಚೆಲ್ಲಿ ಹೊಡೆಯುವುದು ಇಡೀ ಅಮೆರಿಕದಲ್ಲಿ ಅಪರಾಧ. ಕಾಳನ್ನೆಲ್ಲ ಗುಡಿಸಿ ತೆಗೆದ ಮೇಲೂ 10 ದಿನ ಆ ಜಾಗದಲ್ಲಿ ಬಂದೂಕು ಎತ್ತುವ ಹಾಗಿಲ್ಲ. ಟರ್ಕಿ, ಜಿಂಕೆ ವಲಸೆ ಹಕ್ಕಿಗಳ ಆ ಕಾನೂನಿಗೆ ಬರುವುದಿಲ್ಲ, ಅದಕ್ಕೇ ರಾಜ್ಯಕ್ಕೊಂದು ನಿಯಮ. ಮಿಷಿಗನ್‌ನಲ್ಲಿ ಜಿಂಕೆಗಳಿಗೆ ದನದ ಕ್ಷಯ ಹರಡಿದಾಗ ಮೇವು ಸುರಿಯುವುದೇ ಅದಕ್ಕೆ ದಾರಿ ಮಾಡಿದ್ದು ಅಂತ ಕಂಡುಕೊಂಡರು. 2019ರಲ್ಲಿ ಅಲ್ಲಿನ ಲೋಯರ್ ಪೆನಿನ್ಸುಲಾ ಭಾಗದಲ್ಲಿ ನಿಷೇಧವೇ ಬಂತು. ಟೆಕ್ಸಾಸ್ ಕೂಡ ಆ ದಾರಿ ಹಿಡಿಯಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಇಲ್ಲಿನ ಜಮೀನು ನೂರಕ್ಕೆ 90 ಭಾಗಕ್ಕೂ ಹೆಚ್ಚು ಖಾಸಗಿಯವರದ್ದು. ಹಾಗಾಗಿ ಕಾನೂನು ಬರುವವರೆಗೆ ಇದು ಮಾಲೀಕರು, ಲೀಸ್‌ದಾರರ ಕೈಯಲ್ಲೇ ಇದೆ.

ಜೋಳಕ್ಕೆ ಹಾಕುವ ದುಡ್ಡನ್ನು ಬಿತ್ತನೆಗೆ ಹಾಕಿ. ಎಕರೆಗಟ್ಟಲೆ ಓಟ್ಸ್, ಕ್ಲೋವರ್, ಅಲಸಂದೆ ಬಿತ್ತಿದರೆ ಜಿಂಕೆಗಳು ಚದುರಿ ಮೇಯುತ್ತವೆ. ಓಕ್ ಮರ ಕಡಿಯಬೇಡಿ. ಫೀಡರ್ ಬಿಡುವುದೇ ಇಲ್ಲ ಅನ್ನುವವರು ಅಫ್ಲಾಟಾಕ್ಸಿನ್ ಟೆಸ್ಟ್ ಆದ ಜೋಳವನ್ನೇ ತನ್ನಿ, ಟರ್ಕಿ ಮೊಟ್ಟೆ ಇಡುವ ಏಪ್ರಿಲ್, ಮೇ ತಿಂಗಳಲ್ಲಾದರೂ ನಿಲ್ಲಿಸಿ. ಮತ್ತೆ, ಕ್ರಾನಿಕ್ ವೇಸ್ಟಿಂಗ್ ರೋಗ ಕಂಡಿರುವ ಕಡೆ ಹೊಡೆದ ಜಿಂಕೆಯನ್ನು ಪರೀಕ್ಷೆಗೆ ಕೊಡಿ. ಮನುಷ್ಯರಿಗೆ ಈ ರೋಗ ಬಂದ ಖಚಿತ ಉದಾಹರಣೆ ಇಲ್ಲ, ಆದರೂ ರೋಗ ಇರುವ ಜಿಂಕೆ ಮಾಂಸ ತಿನ್ನಬೇಡಿ ಅಂತಲೇ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಹೇಳುವುದು. ಫಲಿತಾಂಶ ಬರುವವರೆಗೆ ಮಾಂಸ ಫ್ರೀಜರ್‌ನಲ್ಲೇ ಇರಲಿ.